ಗೀರು ಬಿದ್ದ ಹಾಡು

ಹಿಂದೆ ನಮ್ಮೂರಿನ ಮಹಡಿಗಳ ಮೇಲೆ ನಡೆಯುತ್ತಿದ್ದ ಕುಣಿತದ ಕೂಟಗಳ ಬಗ್ಗೆ ಟಿವಿಯವರು ಧಾರಾವಾಹಿ ಮಾಡುತ್ತಿದ್ದಾರಂತೆ ಎಂದು ನಾನು ಹೇಳಿದಾಗ ಅಕ್ಕ ಬಟಾಣಿ ಬಿಡಿಸುತ್ತಿದ್ದಳು.

"ಯಾವ ಮಹಡಿ ಕಣೇ, ನಮ್ದೇನಾ?"

ನಮ್ಮದೇ. ನಾವಿಬ್ಬರೂ ಕೆಲಸಕ್ಕಿದ್ದ ಲಾಂಡ್ರಿಯ ಮೇಲಿನ ಮಹಡಿ. ಭಾನುವಾರ ಲಾಂಡ್ರಿಗೆ ರಜೆಯಾದರೂ, ವಾರವೆಲ್ಲ ಹಬೆ ಕುಡಿದ ಆ ಹಲಗೆಯ ನೆಲ ಇನ್ನೂ ಬೆಚ್ಚಗಿರುತ್ತಿತ್ತು. ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಬಿಸಿಲಿನಲ್ಲೇ ಕುಣಿಯುತ್ತಿದ್ದೆವು. ಇಸ್ತ್ರಿ ಹಿಡಿದು ಹಿಡಿದು ಸೋತ ಕೈಗಳು ಯಾರದೋ ಕೈಗಳೆನ್ನುವಂತೆ ಹಗುರಾಗುತ್ತಿದ್ದವು. ಮೂಲೆಯ ಮೇಜಿನ ಹಿಂದೆ ಅಕ್ಕ. ಪ್ಲೇಯರ್ ಅವಳದು, ರೆಕಾರ್ಡುಗಳು ಅವಳವು, ಯಾವ ಹಾಡಾದ ಮೇಲೆ ಯಾವುದು ಎಂಬ ತೀರ್ಮಾನವೂ ಅವಳದೇ.

ಎಲ್ಲರೂ ಕಾಯುತ್ತಿದ್ದ ಹಾಡಿನ ರೆಕಾರ್ಡಿನಲ್ಲಿ ಒಂದು ಗೀರಿತ್ತು. ಪ್ಲೇಯರಿನ ಮುಳ್ಳು ಅಲ್ಲಿ ಸಿಕ್ಕಿಕೊಂಡು ಹಾಡಿನ ಒಂದೇ ಚೂರನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಅಕ್ಕ ಬೆರಳಿನಿಂದ ಮುಳ್ಳನ್ನು ಗೀರು ದಾಟಿಸುವವರೆಗೂ ನಾವೆಲ್ಲ ಬಲಗಾಲು ಎತ್ತಿ ಹಾಗೇ ನಿಲ್ಲುತ್ತಿದ್ದೆವು. ಅವಳು ಬೇಕೆಂದೇ ತಡಮಾಡುತ್ತಿದ್ದಳು. ಕೊನೆಗೆ "ಇಳಿಸ್ರೇ!" ಎಂದು ನಗುತ್ತಿದ್ದಂತೆ ಅಷ್ಟೂ ಕಾಲುಗಳು ಒಟ್ಟಿಗೆ ನೆಲ ಮುಟ್ಟುತ್ತಿದ್ದವು. ಮುಳ್ಳನ್ನು ಕಾಯುತ್ತ ಅವಳು ಮಾತ್ರ ಒಂದು ದಿನವೂ ಕುಣಿಯಲಿಲ್ಲ.

ಈಗ ಗುಂಪಿನಲ್ಲಿ ಕುಣಿಯಲು ಟಿವಿಯವರು ಹಳಬರನ್ನೂ ಕರೆದಿದ್ದರು. ಅಕ್ಕನ ಮಂಡಿ ಕೇಳಬೇಕಲ್ಲ.

"ನೀನು ಹೋಗ್ಬಾ. ನಾನೂ ಅಲ್ಲಿದ್ದೆ ಅನ್ನೋದಕ್ಕೆ ಏನಾದ್ರೂ ಇಟ್ಟಿದಾರಾ ನೋಡು" ಎಂದಳು, ಏನೂ ಅಲ್ಲವೆಂಬಂತೆ. ಆದರೆ ಕಾಳನ್ನು ಕಸಕ್ಕೂ ಸಿಪ್ಪೆಯನ್ನು ಬಟ್ಟಲಿಗೂ ಹಾಕುತ್ತಿದ್ದಳು.

ಶೂಟಿಂಗಿನ ಶೆಡ್ಡಿನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಹಗಲನ್ನು ರಾತ್ರಿ ಮಾಡಿದ್ದರು. ನೀಲಿ ದೀಪ, ಮೊಣಕಾಲುದ್ದ ಹೊಗೆ. ಮೇಜಿನ ಹಿಂದೆ ಟೋಪಿ ಹಾಕಿದ ಗಡ್ಡದ ಹುಡುಗ.

"ಆ ಮೇಜಿನ ಹಿಂದೆ ಇರ್ತಿದ್ದಿದ್ದು ಒಬ್ಬಳು ಹೆಂಗಸು ಕಣಮ್ಮಾ. ನಮ್ಮಕ್ಕ" ಎಂದೆ, ಡಾನ್ಸ್ ಹೇಳಿಕೊಡುವ ಹುಡುಗಿಗೆ.

"ಹೌದಾ? ಎಷ್ಟು ಚೆನ್ನಾಗಿದೆ! ಆದ್ರೆ ಆಂಟಿ, ಕಥೇಲಿ ಅವನೇ ಹೀರೋ. ಬನ್ನಿ, ಜಾಗಕ್ಕೆ ಬನ್ನಿ."

ಹಾಡು ಶುರುವಾಯಿತು. ನಮ್ಮದೇ ಹಾಡು, ತೊಳೆದಿಟ್ಟ ಗಾಜಿನಂತೆ, ಒಂದು ಗೀರೂ ಇಲ್ಲದೆ. ಕಾಲಿಗೆ ಅದೆಲ್ಲ ಗೊತ್ತಾಗಲಿಲ್ಲ. ಆ ಜಾಗ ಬಂದೊಡನೆ ತಾನಾಗಿ ಮೇಲೆದ್ದು ನಿಂತಿತು. ಪಕ್ಕದವಳು ಬಂದು ನನಗೆ ಡಿಕ್ಕಿ ಹೊಡೆದಳು.

"ಕಟ್! ಕಾಲಿಗೇನಾಯ್ತು ಆಂಟಿ?"

"ಅಲ್ಲಿ ನಿಲ್ಬೇಕು ಕಣಮ್ಮಾ."

"ಯಾರು ಹೇಳಿದ್ದು?"

ಎರಡನೆಯ ಸಲವೂ ಹಾಗೇ ಆಯಿತು. ಹುಡುಗಿ ನನ್ನನ್ನು ಕಂಬದ ಹಿಂದಕ್ಕೆ ಸರಿಸಿ, "ಇನ್ನೊಂದ್ಸಲ ಹೀಗಾದ್ರೆ ಮನೆಗೇ ಕಳಿಸ್ಬಿಡ್ತೀನಿ" ಎಂದಳು. ನಗುತ್ತಲೇ ಹೇಳಿದಳು, ಆದರೆ ಕಳಿಸುವವಳೇ. ಬರಿಗೈಯಲ್ಲಿ ಅಕ್ಕನ ಮುಂದೆ ಹೇಗೆ ನಿಲ್ಲುವುದು? ಎಲ್ಲರ ಹಾಗೆ ಕುಣಿದರೆ ಟಿವಿಯಲ್ಲಿ ನಾನಿರುತ್ತೇನೆ, ಅಕ್ಕ ಇರುವುದಿಲ್ಲ. ಹಾಡು ಮತ್ತೆ ಆ ಜಾಗಕ್ಕೆ ಬಂತು. ಈ ಸಲ ಕಾಲು ತಾನಾಗಿ ಏಳಲಿಲ್ಲ. ನಾನೇ ಎತ್ತಿದೆ.

ಹೊಗೆ ದಟ್ಟವಾಗಿತ್ತು, ಯಾರೂ ಗಮನಿಸಲಿಲ್ಲ. "ಓಕೆ, ಚೆನ್ನಾಗಿ ಬಂತು!" ಎಂದು ಮುಂದಿನಿಂದ ಯಾರೋ ಕೂಗಿದರು.

ಅದು ಪ್ರಸಾರವಾದ ಸಂಜೆ ಮಂಚದ ಮೇಲೆ ಒತ್ತಿಕೊಂಡು ಕೂತೆವು, ಅಕ್ಕನ ಮಂಡಿಯ ಮೇಲೆ ಬಿಸಿನೀರಿನ ಚೀಲ. ಗಡ್ಡದವನು ಬಂದ.

"ಅಯ್ಯೋ, ನಂಗೆ ಇಷ್ಟು ಚೆಂದ ಗಡ್ಡ ಬಂದಿತ್ತೇನೇ?" ಎಂದು ಅಕ್ಕ ಗಲ್ಲ ಸವರಿಕೊಂಡಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅವಳು ಚೀಲದ ಮೇಲೆ ಕೈಯಿಟ್ಟು ಪರದೆಗೆ ಕಣ್ಣು ನೆಟ್ಟಳು. ಪರದೆಯ ನೀಲಿ ಅವಳ ಮುಖದ ಮೇಲೆ ನೀರಿನ ಹಾಗೆ ಆಡುತ್ತಿತ್ತು. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಲು ನನಗೆ ಧೈರ್ಯ ಬರಲಿಲ್ಲ.

ಹಾಡು ಬಂತು. ಚೀಲದ ಮೇಲಿದ್ದ ಅವಳ ತೋರುಬೆರಳು ಮೆಲ್ಲಗೆ ಮೇಲೆದ್ದಿತು. ಪರದೆಯ ಮೂಲೆಯಲ್ಲಿ, ಕಂಬದಾಚೆ, ಹೊಗೆಯೊಳಗಿಂದ ಒಂದು ದಪ್ಪ ಬಲಗಾಲು ಎದ್ದು ನಿಂತಿತು. ಮುಖವಿಲ್ಲ, ಸೀರೆಯ ಅಂಚು, ಪಾದ, ಅಷ್ಟೇ.

ಅಕ್ಕ ಮುಂದಕ್ಕೆ ಬಾಗಿದಳು. ಟಿವಿ ತನ್ನ ಪಾಡಿಗೆ ಮುಂದೆ ಹೋಯಿತು, ಜಾಹೀರಾತು ಬಂತು. ಅವಳ ಬೆರಳು ಮಾತ್ರ ಗಾಳಿಯಲ್ಲಿ ನಿಂತೇ ಇತ್ತು, ಬೇಕೆಂದೇ ತಡಮಾಡುತ್ತ.

"ಇಳಿಸೇ" ಎಂದಳು.

ಮಂಚದ ಅಂಚಿನಲ್ಲಿ ಅದುವರೆಗೂ ಎತ್ತಿಕೊಂಡೇ ಇದ್ದ ಬಲಗಾಲನ್ನು ಇಳಿಸಿದೆ. ನೆಲ ಬೆಚ್ಚಗಿತ್ತು.