ದುಂಡಗೆ ಜೋಡಿಸಿದ ಕುರ್ಚಿಗಳು

ಹರೆಯದಲ್ಲಿ ಅಫ್ಘಾನಿಸ್ತಾನದ ಯುದ್ಧ ಮುಗಿಸಿ ಬಂದವರ ಮನಸ್ಸಿಗೆ ಮದ್ದು ಕೊಡಲು ರಾಜಧಾನಿ ಬಿಷ್ಕೆಕ್‌ನಿಂದ ಬಂದ ಡಾಕ್ಟರಮ್ಮ ಚಿನಾರಾ ಮಾಡಿದ ಮೊದಲ ತಪ್ಪೆಂದರೆ ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದು. ದುಂಡಗಿಟ್ಟರೆ ಹಿರಿಯ ಕೂರುವ ಜಾಗ ಯಾವುದು, ಹೇಳಿ? ಬೆಟ್ಟದೂರು ನರಿನ್‌ನ ಆರು ಗಂಡಸರು, ಎಲ್ಲರೂ ಅರವತ್ತರ ಆಸುಪಾಸಿನವರು, ಬಾಗಿಲಲ್ಲೇ ನಿಂತುಬಿಟ್ಟರು.

"ನೀವು ಮೊದಲು ಕೂತ್ಕೊಳ್ಳಿ ಅಣ್ಣ."

"ಹೋಗಯ್ಯ, ನನಗಿಂತ ಮೂರು ತಿಂಗಳು ದೊಡ್ಡವನು ನೀನು!"

ಅರ್ಧ ಗಂಟೆ ಇದೇ ನಡೆಯಿತು. ಬಾಗಿಲಿಗೆ ಎದುರಿನ ಕುರ್ಚಿಯೇ ಹಿರಿಯನದೆಂದು ತೀರ್ಮಾನವಾದ ಮೇಲೆ ಎಲ್ಲರೂ ಕೂತರು.

ಎರಡನೆಯ ತಪ್ಪು, "ಒಬ್ಬೊಬ್ಬರಾಗಿ ಮಾತಾಡಿ" ಅಂದದ್ದು. ಸರದಿಯ ಮೇಲೆ ಮಾತಾಡುವುದೆಂದರೆ ಈ ಮಂದಿಗೆ ಗೊತ್ತಿದ್ದುದು ಒಂದೇ ಬಗೆ: ಎದ್ದು ನಿಂತು, ಬಟ್ಟಲೆತ್ತಿ, ಹಾರೈಸುವುದು. ವೋಡ್ಕಾ ಕೂಡದೆಂದಿದ್ದರಿಂದ ಚಹಾದಲ್ಲೇ ಹಾರೈಸಿದರು. ಮೂರು ಗುರುವಾರ ಕುರಿಗಳಿಗೆ, ಮೊಮ್ಮಕ್ಕಳಿಗೆ, ಡಾಕ್ಟರಮ್ಮನಿಗೆ ಸಿಗಬೇಕಾದ ಗಂಡನಿಗೆ ಹಾರೈಸಿದ್ದೇ ಹಾರೈಸಿದ್ದು. ಯುದ್ಧದ ಸುದ್ದಿ ಒಬ್ಬನೂ ಎತ್ತಲಿಲ್ಲ. ಆ ಹುಡುಗಿಯ ತಾಳ್ಮೆ ಮೆಚ್ಚಬೇಕು.

ನಾಲ್ಕನೆಯ ಗುರುವಾರ ಶೈಲೋ ಒಳಗೊಳಗೇ ಬೇಯುತ್ತಿದ್ದ. ಯುದ್ಧದಲ್ಲಿ ಪೆಟ್ರೋಲ್ ಲಾರಿ ಓಡಿಸಿದವನು ಅವನು. ಹೋದ ಚಳಿಗಾಲ ನಿದ್ದೆಗಣ್ಣಲ್ಲಿ ಹೆಂಡತಿ ಬುರುಲ್‌ಳ ಕುತ್ತಿಗೆ ಹಿಸುಕಿದ್ದ. ಅಂದಿನಿಂದ ಕುರಿಕೊಟ್ಟಿಗೆಯಲ್ಲೇ ಅವನ ಹಾಸಿಗೆ. ಬೆಳಿಗ್ಗೆ ಬುರುಲ್ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇವತ್ತು ಆ ಡಾಕ್ಟರಮ್ಮನ ಹತ್ರ ಬಾಯಿ ಬಿಡ್ತೀಯೋ, ಇಲ್ಲ ನಾನೇ ಹಾಸಿಗೆ ಹೊತ್ಕೊಂಡು ಕೊಟ್ಟಿಗೆಗೆ ಬರ್ಲೋ?" ಎಂದಿದ್ದಳು. ಬಂದೇ ಬರುವ ಹೆಂಗಸು. ಮತ್ತೆ ಅವಳ ಕುತ್ತಿಗೆ ತನ್ನ ಕೈಗೆ ಸಿಕ್ಕರೆ?

ಅವನ ಸರದಿ ಬಂತು. ಎದ್ದ. ಬಟ್ಟಲೆತ್ತಿದ.

"ಎಲ್ಲರ ಕುರಿಗಳೂ..." ಎಂದವನು ಬಟ್ಟಲು ಹಿಡಿದ ತನ್ನ ಕೈ ನೋಡಿಕೊಂಡ. "ಕುರಿ ಹಾಳಾಗಿ ಹೋಗ್ಲಿ! ನನ್ನ ಬುರುಲ್ ಕುತ್ತಿಗೆ ಈ ಕೈಗಳಿಂದ ತಪ್ಪಿಸ್ಕೊಂಡು ನೂರು ವರ್ಷ ಚೆನ್ನಾಗಿರ್ಲಿ. ನಾನು ಒಂದ್ಸಲ ಹಿಸುಕಿಬಿಟ್ಟೆ ಕಣ್ರೋ. ನಿದ್ದೇಲಿ. ನನಗೆ ನನ್ನ ಕೈ ಕಂಡ್ರೇ ಹೆದರಿಕೆ."

ಹಾರೈಕೆ ಯಾವುದಾದರೇನು, ಮುಗಿದ ಮೇಲೆ ಕೈಯಿಂದ ಮುಖ ಸವರಿಕೊಳ್ಳಲೇಬೇಕು, ಅದು ರೂಢಿ. ಆರೂ ಜನ ಸವರಿಕೊಂಡರು. ಮುಂದಿನವನು ಏಳಲೇಬೇಕು. ಎದ್ದವನು ತುರ್ಗುನ್‌ಬಾಯ್, ಎಲ್ಲರನ್ನೂ ಗೇಲಿ ಮಾಡುವ ಬಾಯಿಬಡುಕ.

"ನನ್ನ ಮಗಳು ಚೆನ್ನಾಗಿರ್ಲಿ," ಎಂದ. "ನಾನು ಕಿರುಚ್ಕೊಂಡಾಗ ಬಾಗಿಲಲ್ಲೇ ನಿಂತು ಕೋಲಲ್ಲಿ ತಿವಿದು ಎಬ್ಬಿಸ್ತಾಳೆ. ಹತ್ರ ಬರಲ್ಲ. ನಾನು ಎತ್ತಿ ಆಡಿಸಿದ ಮಗು ಅದು."

ಚಿನಾರಾ ಬಾಯಿ ತೆರೆಯುವುದರೊಳಗೆ ಶೈಲೋ ಕೇಳಿದ: "ಎಷ್ಟುದ್ದ ಇದೆ ಆ ಕೋಲು?"

"ಒಂದೂವರೆ ಮಾರು. ಯಾಕೆ?"

"ನಮ್ಮವಳಿಗೂ ಒಂದು ಕಡಿದು ಕೊಡೋ ಮಾರಾಯ. ಆ ಗೋಡೆಗೆ ಅವಳು, ಈ ಗೋಡೆಗೆ ನಾನು. ಇವತ್ತು ಮನೆಯೊಳಗೆ ಮಲಗ್ತೀನಿ."