ಕೆಂಪು ಟೇಪಿನ ಕುರ್ಚಿ

ನನ್ನ ಮಗಳು ಓರಿಸ್ಯಾ ಕಲಾವಿದೆ. ಚಿತ್ರ ಬರೆಯುವವಳಲ್ಲ, ಹಾಡುವವಳೂ ಅಲ್ಲ. ಅವಳು ಕೂರುತ್ತಾಳೆ. ಎಂಟು ಗಂಟೆ ಕೂರುತ್ತಾಳೆ, ಜನ ಬಂದು ನೋಡುತ್ತಾರೆ, ಅದೇ ಕಲೆ. ನಾನು ವಿನ್ನಿಪೆಗ್‌ನ ಸೆಲ್ಕರ್ಕ್ ಬೀದಿಯಲ್ಲಿ ಮೂವತ್ತೆಂಟು ವರ್ಷ ಬ್ಯೂಟಿ ಪಾರ್ಲರ್ ಇಟ್ಟುಕೊಂಡು ದಿನಾ ಎಂಟೆಂಟು ಗಂಟೆ ನಿಂತೆ. ಅದನ್ನು ಯಾರೂ ಕಲೆ ಅನ್ನಲಿಲ್ಲ. ಕಾಲಿನ ನರ ಉಬ್ಬಿದ್ದೇ ಬಂತು.

ನಾವು ಮಾತು ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟವಳು ಅವಳು, ಕಾರಣ ನಾನು. ನನ್ನ ಅಮ್ಮ ತೀರಿಕೊಂಡಾಗ ಇವಳು ತಲೆ ನುಣ್ಣಗೆ ಬೋಳಿಸಿಕೊಂಡು ಬಂದಿದ್ದಳು. ದುಃಖಕ್ಕಲ್ಲ, ಅದೂ ಯಾವುದೋ ಕಲೆಗಂತೆ. ನಮ್ಮ ಉಕ್ರೇನಿ ಮಂದಿಯೆಲ್ಲ ಚರ್ಚಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಾರೆ. ನಾನು ಕಾರಿನ ಡಿಕ್ಕಿ ತೆಗೆದು ವಿಗ್ ಒಂದನ್ನು ಎತ್ತಿ ಹಿಡಿದು, "ಇದನ್ನಾದ್ರೂ ಹಾಕ್ಕೊಳೇ, ಜನ ಏನಂದ್ಕೋತಾರೆ?" ಅಂದೆ. ಅವಳು ವಿಗ್ ಮುಟ್ಟಲಿಲ್ಲ. ಪ್ರಾರ್ಥನೆ ಮುಗಿಯುವ ತನಕ ಬೋಳು ತಲೆಯಲ್ಲೇ ಮುಂದಿನ ಸಾಲಿನಲ್ಲಿ ನಿಂತಿದ್ದು, ಹೇಳದೆ ಕೇಳದೆ ಹೊರಟುಹೋದಳು. ಅಮ್ಮನಿಗೆ ಅವತ್ತು ಬೆಳಿಗ್ಗೆ ನಾನೇ ಮೇಕಪ್ ಮಾಡಿದ್ದೆ. ಅಷ್ಟೂ ಜನರಲ್ಲಿ ನನ್ನ ಕೆಲಸಕ್ಕೆ ತಕರಾರು ತೆಗೆಯದೆ ಮಲಗಿದ್ದವಳು ಅವಳೊಬ್ಬಳೇ.

ಆಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ಈಸ್ಟರ್‌ಗೆ ಸಿಹಿ ಬ್ರೆಡ್ ಮಾಡಿ ಕಳಿಸಿದೆ. ಡಬ್ಬಿ ತೊಳೆದು, ಒರೆಸಿ, ನನ್ನ ಬಾಗಿಲ ಮುಂದಿಟ್ಟು ಹೋಗಿದ್ದಳು. ಬೆಲ್ ಕೂಡ ಒತ್ತಲಿಲ್ಲ, ಕಣ್ರೀ!

ಅವಳ ಪ್ರದರ್ಶನದ ಸುದ್ದಿ ತಂದವಳು ನನ್ನ ಹಳೇ ಗಿರಾಕಿ ಡೊರೀನ್. "ಸ್ಟೆಫಾ, ನಿನ್ನ ಮಗಳು ಶನಿವಾರ ಗ್ಯಾಲರೀಲಿ ಕೂರ್ತಾಳಂತೆ. ಯಾರು ಬೇಕಾದ್ರೂ ಹೋಗಬಹುದಂತೆ," ಅಂದಳು.

"ಯಾರು ಬೇಕಾದ್ರೂ ಅಂದ್ರೆ ನಾನೂನಾ?"

"ಬೋರ್ಡಲ್ಲಿ ನಿನ್ನೊಬ್ಬಳನ್ನ ಬಿಟ್ಟು ಅಂತೇನೂ ಬರೆದಿಲ್ಲ, ಮಾರಾಯ್ತಿ."

ಹೋದೆ. ಬಾಗಿಲಲ್ಲಿ ಬ್ರೈಯರ್ ಅನ್ನೋ ಹುಡುಗಿ, ಹಸಿರು ಕನ್ನಡಕದವಳು, ಬೇಕರಿಯಲ್ಲಿ ಕೊಡುವ ಹಾಗೆ ನಂಬರ್ ಚೀಟಿ ಹರಿದು ಕೊಟ್ಟಳು. ನಲವತ್ತೊಂದು. "ನಿಯಮ ಕೇಳಿಸ್ಕೊಳ್ಳಿ ಮೇಡಂ. ನಿಮ್ಮ ದೇಹದಲ್ಲಿ ನಿಮಗೆ ಹಿಡಿಸದ ಒಂದೇ ಒಂದು ಕುಂದು ಹೇಳಬೇಕು. ಕಲಾವಿದೆ ಅದನ್ನ ತನ್ನ ಮೈಮೇಲೆ ಬರ್ಕೋತಾರೆ. ಅವರು ಮಾತಾಡಲ್ಲ. ನೀವು ಮುಟ್ಟಬಾರದು. ಚಪ್ಪಾಳೆ ಹೊಡೀಬಾರದು."

"ಉಸಿರಾಡಬಹುದಾ?" ಅಂತ ಕೇಳಿದೆ. ಅವಳು ಪಾಪ, ಆಡಬಹುದು ಅಂದಳು.

ಒಳಗೆ ಹೋಗಿ ನೋಡುತ್ತೇನೆ, ನನ್ನ ಕುರ್ಚಿ! ಪಾರ್ಲರ್ ಮುಚ್ಚಿದ ದಿನ ಹಿಂದಿನ ಓಣಿಯಲ್ಲಿ ಕಸದವರಿಗೆಂದು ಇಟ್ಟಿದ್ದ ಕುರ್ಚಿ. ತೋಳು ಹರಿದಲ್ಲಿ ನಾನೇ ಸುತ್ತಿದ್ದ ಕೆಂಪು ಟೇಪ್ ಹಾಗೇ ಇದೆ. ಎದುರಿಗೆ ದೊಡ್ಡ ಕನ್ನಡಿ. ಕುರ್ಚಿಯಲ್ಲಿ ಈಜುಡುಗೆ ಹಾಕಿಕೊಂಡು ಓರಿಸ್ಯಾ. ಕೈಯಲ್ಲಿ ಐಬ್ರೋ ಪೆನ್ಸಿಲ್. ಕೂದಲನ್ನು ಒಂದಿಂಚಿಗೆ ಕತ್ತರಿಸಿಕೊಂಡಿದ್ದಳು.

ನನ್ನ ಮುಂದೆ ಹದಿನಾಲ್ಕು ಜನ. ಒಬ್ಬ ಕಟ್ಟುಮಸ್ತಾದ ಹುಡುಗ ಹೋಗಿ, "ಕಿವಿ," ಅಂದ. ಅವಳು ಕಿವಿಯ ಸುತ್ತ ಗೀಟು ಎಳೆದುಕೊಂಡಳು. ಒಬ್ಬ ಮುದುಕ ಮಂಡಿ ಅಂದ. ಚಂದದ ಹುಡುಗಿಯೊಬ್ಬಳು, "ಒಂದೇ ಅಂದ್ರೆ ಯಾವುದನ್ನ ಬಿಡ್ಲಿ?" ಅಂತ ಬ್ರೈಯರ್ ಜೊತೆ ಜಗಳಕ್ಕೇ ನಿಂತಳು. ಮೂಗು, ಗಲ್ಲ, ತೊಡೆ, ಹೊಟ್ಟೆ, ತೋಳಿನ ಜೋಲು. ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಇದೇ ಕುರ್ಚಿಯಲ್ಲಿ ಕೂತು ಇದೇ ಪಟ್ಟಿ ಹೇಳಿದವರ ದುಡ್ಡಲ್ಲಿ ನಾನು ಮನೆ ಕಟ್ಟಿದೆ, ಇವಳನ್ನು ಕಾಲೇಜಿಗೆ ಕಳಿಸಿದೆ. ಯಾರಾದರೂ ಪಟ್ಟಿಯಲ್ಲಿ ಒಂದನ್ನು ಮರೆತರೆ ನಾನೇ ನೆನಪಿಸುತ್ತಿದ್ದೆ. ದೇವರು ಕ್ಷಮಿಸಲಿ, ವ್ಯಾಪಾರ.

ಅವಳ ಮೈಯೆಲ್ಲ ಕಪ್ಪು ಗೆರೆ ತುಂಬಿತ್ತು. ನನಗೆ ಸಂಕಟವಾದದ್ದು ಅದಕ್ಕಲ್ಲ. ಪೆನ್ಸಿಲ್ ಮೊಂಡಾಗಿದೆ, ಒಣ ಚರ್ಮದ ಮೇಲೆ ಎಳೆದೆಳೆದು ಕೆಂಪಗೆ ತರಚಿದೆ. ಕೆಳಗೆ ಕ್ರೀಮ್ ಹಚ್ಚಿಕೊಳ್ಳಬಾರದೇ ಈ ಪೆದ್ದಿ? ನನ್ನ ಹೊಟ್ಟೆಯಲ್ಲಿ ಹುಟ್ಟಿ ಇಷ್ಟೂ ಗೊತ್ತಾಗಲಿಲ್ಲವೇ? ಕೂಗಿಬಿಡೋಣ ಅನ್ನಿಸಿತು. ತುಟಿ ಕಚ್ಚಿಕೊಂಡೆ. ಇವತ್ತೂ ಬಾಯಿ ಬಿಟ್ಟರೆ ಮುಗಿಯಿತು, ಮಗಳು ಜನ್ಮಕ್ಕೂ ನನ್ನವಳಲ್ಲ.

"ನಲವತ್ತೊಂದು," ಅಂದಳು ಬ್ರೈಯರ್.

ಕುರ್ಚಿಯ ಹಿಂದೆ ಹೋಗಿ ನಿಂತೆ. ಕನ್ನಡಿಯಲ್ಲಿ ಅವಳು ನನ್ನನ್ನು ಕಂಡಳು. ಪೆನ್ಸಿಲ್ ನಿಂತಿತು. ಎದ್ದು ಹೋಗುತ್ತಾಳೆ ಅಂದುಕೊಂಡೆ, ಹೋಗಲಿಲ್ಲ. ಜೋಲುಬಿದ್ದ ಗಲ್ಲ ಅಂತ ಹೇಳಬೇಕೆಂದು ಮನೆಯಿಂದಲೇ ತಯಾರಾಗಿ ಬಂದಿದ್ದೆ. ಆದರೆ ಕನ್ನಡಿ ನೋಡಿದರೆ, ಕೂತವರ ತಲೆ ಅಡ್ಡವಾಗಿ, ಕುರ್ಚಿಯ ಹಿಂದೆ ನಿಂತವಳ ಮುಖ ಅರ್ಧ ಮಾತ್ರ ಕಾಣುತ್ತದೆ. ಮೂವತ್ತೆಂಟು ವರ್ಷ ನಾನು ನೋಡಿಕೊಂಡದ್ದು ಅಷ್ಟೇ.

"ನನಗೆ ಗೊತ್ತಿಲ್ಲ," ಅಂದೆ. "ನಾನು ಸರಿಯಾಗಿ ನೋಡ್ಕೊಂಡೇ ಇಲ್ಲ."

"ಏನಾದ್ರೂ ಒಂದು ಹೇಳಿ ಮೇಡಂ, ಕ್ಯೂ ನಿಂತಿದೆ," ಅಂತ ಬ್ರೈಯರ್ ಪಿಸುಗುಟ್ಟಿದಳು.

ಓರಿಸ್ಯಾ ಕುರ್ಚಿಯಿಂದ ಇಳಿದಳು. ಕೂತುಕೋ ಅಂತ ಬೆರಳು ತೋರಿಸಿದಳು. ಕೂತೆ. ನನ್ನ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಮೊದಲು. ಅವಳು ಹಿಂದೆ ನಿಂತು ಕುರ್ಚಿ ಏರಿಸುವ ಪೆಡಲನ್ನು ಪಾದದಿಂದ ಮೂರು ಸಲ ಒತ್ತಿದಳು, ನಾನು ಒತ್ತುತ್ತಿದ್ದ ಹಾಗೇ. ಕನ್ನಡಿಯಲ್ಲಿ ಒಬ್ಬ ಮುದುಕಿ ಮೇಲೆ ಬಂದಳು. ಇದ್ಯಾರಪ್ಪಾ ಅನ್ನಿಸಿತು.

ಐದು ತಾಸು ಮಾತಾಡದೆ ಕೂತಿದ್ದವಳು ಬಾಯಿ ಬಿಟ್ಟಳು. "ಏನಮ್ಮಾ, ಇವತ್ತು ಏನ್ ಸರಿ ಮಾಡೋಣ?"

ಅದು ನನ್ನ ಮಾತು. ಕೂತ ಪ್ರತಿಯೊಬ್ಬರಿಗೂ ನಾನು ಕೇಳುತ್ತಿದ್ದ ಮಾತು. ಇವಳು ಚಿಕ್ಕವಳಿದ್ದಾಗ ಹೇರ್ ಡ್ರೈಯರ್ ಪಕ್ಕ ಕೂತು, ಗೊಂಬೆಗೆ ಇದನ್ನೇ ಕೇಳುತ್ತಿದ್ದಳು.

ನನ್ನ ಬಲಗೈ ತಾನಾಗಿ ಮೇಲೆ ಬಂತು. "ಈ ಕೈ," ಅಂದೆ. "ಅವತ್ತು ಚರ್ಚ್ ಮುಂದೆ ವಿಗ್ ಹಿಡಿದಿತ್ತಲ್ಲ, ಈ ಕೈ. ಇದು ನನಗೆ ಹಿಡಿಸಲ್ಲ ಓರಿಸ್ಯಾ. ತಪ್ಪಾಯ್ತು ಮಗಾ." ಅಷ್ಟು ಹೇಳುವ ಹೊತ್ತಿಗೆ ಮೂಗು, ಕಣ್ಣು, ಮಸ್ಕಾರ ಎಲ್ಲ ಒಟ್ಟಿಗೆ ಇಳಿಯುತ್ತಿದ್ದವು.

ನಿಯಮ ಅಂದರೆ ನಿಯಮ. ಅವಳು ಪೆನ್ಸಿಲನ್ನು ಎಡಗೈಗೆ ಬದಲಿಸಿ, ತನ್ನ ಬಲಗೈ ಮಣಿಕಟ್ಟಿನ ಸುತ್ತ ಒಂದು ಸೊಟ್ಟ ಗೆರೆ ಎಳೆದುಕೊಂಡಳು. ಅಲ್ಲಿಯವರೆಗೆ ಯಾರೂ ಕೈ ಅಂದಿರಲಿಲ್ಲ, ಮಣಿಕಟ್ಟಿನ ಕೆಳಗೆ ಎರಡೂ ಕೈ ಚೊಕ್ಕಟವಾಗಿದ್ದವು. ಗೆರೆ ನೋಡಿದಳು. ಆಮೇಲೆ ಆ ಕೈಯನ್ನು ನನ್ನ ಮುಂದೆ ಚಾಚಿದಳು.

"ಕೋಲ್ಡ್ ಕ್ರೀಮ್ ಇದ್ಯಾ?"

"ನನ್ನ ಬ್ಯಾಗಲ್ಲಿ ಇಲ್ದೆ ಇರುತ್ತಾ?"

ಮುಟ್ಟಬಾರದು ಅಂತ ಬ್ರೈಯರ್ ಓಡಿ ಬಂದಳು. ಓರಿಸ್ಯಾ ಅವಳತ್ತ ಒಂದು ನೋಟ ಬೀರಿದಳು, ಹುಡುಗಿ ಅಲ್ಲೇ ನಿಂತಳು. ನಾನು ಹತ್ತಿಯಲ್ಲಿ ಮಣಿಕಟ್ಟು ಒರೆಸಿದೆ, ಬೆರಳು ಬೆರಳಿಗೂ ಕ್ರೀಮ್ ಹಚ್ಚಿದೆ. ಬಿಡುವ ಮನಸ್ಸಾಗದೆ ಮೊಣಕೈಯತ್ತ ಹೋದೆ.

"ಸಾಕು. ಮಿಕ್ಕಿದ್ದು ಬೇರೆಯವರದು, ಮುಟ್ಬೇಡ," ಅಂದಳು. ದನಿಯಲ್ಲಿ ನಗು ಇತ್ತು.

ಚಪ್ಪಾಳೆ ಹೊಡೆಯಬಾರದು ಅಂದಿದ್ದರೂ ಜನ ಹೊಡೆದೇ ಹೊಡೆದರು. ಮೊದಲೇ ಗೊತ್ತುಮಾಡಿಕೊಂಡ ಆಟ ಅಂದುಕೊಂಡರು. ಕಲೆಯ ಮಂದಿ ಕಣ್ಣೆದುರು ಛಾವಣಿ ಬಿದ್ದರೂ, ಇದು ಯಾರ ಕೃತಿ ಅಂತ ಕೇಳುತ್ತಾರೆ. ಮರುವಾರ ಪತ್ರಿಕೆಯಲ್ಲಿ ವಿಮರ್ಶಕನೊಬ್ಬ ಬರೆದ: ಕೃತಿ ಗಟ್ಟಿಯಾಗಿದೆ, ಆದರೆ ತಾಯಿಯ ಪಾತ್ರಕ್ಕೆ ಕರೆತಂದ ಹೆಂಗಸಿನ ಅಳು ಅತಿಯಾಯಿತು, ನಂಬುವಂತಿರಲಿಲ್ಲ.

ಓರಿಸ್ಯಾ ಅದನ್ನು ಫೋನಿನಲ್ಲಿ ಓದಿ ಹೇಳಿದಳು. ಹೌದು, ಅವಳೇ ಮಾಡಿದ್ದಳು ಫೋನ್. ಓದುತ್ತ ಓದುತ್ತ ನಗು ತಡೆಯಲಾಗದೆ ಎರಡು ಸಲ ನಿಲ್ಲಿಸಿದಳು. "ಅಮ್ಮಾ, ಮುಂದಿನ ತಿಂಗಳು ಪ್ರದರ್ಶನ ಟೊರೊಂಟೊದಲ್ಲಿದೆ. ಅಲ್ಲಿಗೆಲ್ಲ ಬರ್ಬೇಡ. ಆ ಕ್ರೀಮ್ ಡಬ್ಬಿ ಮಾತ್ರ ಒಂದು ಕಳ್ಸು," ಅಂದಳು.

ಕಳಿಸಿದೆ. ಜೊತೆಗೆ ಲಿಪ್‌ಸ್ಟಿಕ್ ಇಡಲಿಲ್ಲ. ಎಷ್ಟು ಕಷ್ಟ ಆಯಿತು ಅಂತ ಆ ದೇವರಿಗೇ ಗೊತ್ತು.