ಮುನ್ನೂರು ಗಂಟೆ ನಾಯಕತ್ವ

“ದಾರಿ ಬಿಡ್ರಪ್ಪಾ, ನಾಯಕಿ ಬರ್ತಿದ್ದಾಳೆ” ಎಂದರು ದೊಡ್ಡ ಡಾಕ್ಟರು.

ನಮ್ಮ ವಾರ್ಡಿನ ನರ್ಸ್ ಅಕ್ಕನ ಕೈಯಲ್ಲಿ ಬೆಡ್‌ಪ್ಯಾನ್ ಇತ್ತು. ತುಂಬಿದ್ದು. ಹನ್ನೆರಡನೇ ಹಾಸಿಗೆಯ ಬೊಚ್ಚುಬಾಯಿ ಅಜ್ಜಿಯದು. ದೊಡ್ಡ ಡಾಕ್ಟರ ಬೆನ್ನಿಗೆ ಎಂಟು ಜನ ಕಿರಿಯ ಡಾಕ್ಟರುಗಳಿದ್ದರು. ಸಾಹೇಬರು ನಕ್ಕಾಗ ನಗಬೇಕು ಎಂಬಷ್ಟು ವೈದ್ಯವನ್ನು ಅವರು ಆಗಲೇ ಕಲಿತಿದ್ದರು. ನಕ್ಕರು.

“ಏನಮ್ಮಾ, ಎಂಎಸ್ಸಿ ಓದ್ತಿದೀಯಂತೆ? ಆಸ್ಪತ್ರೆ ನಾಯಕತ್ವ ಅಂತೆ? ಯಾರಿಗೆ ನಾಯಕಿ ಆಗ್ತೀಯ, ಇದಕ್ಕಾ?” ಅವರ ಪೆನ್ನು ಬೆಡ್‌ಪ್ಯಾನಿನ ಕಡೆ ಬೊಟ್ಟು ಮಾಡಿತು.

“ಸದ್ಯಕ್ಕೆ ನನ್ನ ಮಾತು ಕೇಳೋದು ಇದೊಂದೇ ಸಾರ್” ಎಂದಳು ಅಕ್ಕ. “ಸ್ವಲ್ಪ ಆ ಕಡೆ ಸರೀರಿ, ಚೆಲ್ಲತ್ತೆ.”

ಸಾಹೇಬರು ಗೋಡೆಗೆ ಒತ್ತಿಕೊಂಡು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಅಕ್ಕನ ಮಾತಿಗೆ ಅವರು ಸರಿದದ್ದು ಅದೇ ಮೊದಲು.

ನಾನು ಆ ವಾರ್ಡಿನ ಆಯಾ. ನೆಲ ಒರೆಸುತ್ತೇನೆ. ನೆಲ ಒರೆಸುವವಳು ಯಾರ ಕಣ್ಣಿಗೂ ಬೀಳುವುದಿಲ್ಲ, ಹಾಗಾಗಿ ಎಲ್ಲರೂ ಅವಳ ಕಣ್ಣಿಗೆ ಬೀಳುತ್ತಾರೆ. ದೇವರಿಗೂ ಇದೇ ಅನುಕೂಲ ಇರಬೇಕು ಎಂದು ಒರೆಸುವಾಗ ನನಗೆ ಅನ್ನಿಸುವುದುಂಟು.

ನಮ್ಮದು ನಲವತ್ತು ಹಾಸಿಗೆಯ ವಾರ್ಡು. ಒಂದು ಪಾಳಿಗೆ ನರ್ಸುಗಳು ಇಬ್ಬರು. ಒಬ್ಬಳು ಸೂಜಿ ಚುಚ್ಚುತ್ತಿದ್ದರೆ ಇನ್ನೊಬ್ಬಳು ರೋಗಿಯನ್ನು ಹೊರಳಿಸುತ್ತಿರುತ್ತಾಳೆ. ಉಳಿದ ಮೂವತ್ತೆಂಟು ಜನ ತಮ್ಮ ಸರದಿಗೆ ತಕ್ಕಂತೆ ಕೆಮ್ಮಬೇಕು. ಯಾವ ವಾರ್ಡಿಗೆ ಎಷ್ಟು ನರ್ಸು ಎಂದು ಹೇಳುವ ಅಧಿಕಾರ ನರ್ಸುಗಳ ಮುಖ್ಯಸ್ಥೆಯಾದ ಮೇಟ್ರನ್‌ಗೆ ಮಾತ್ರ. ಮೇಟ್ರನ್ ಹುದ್ದೆ ಖಾಲಿ ಬಿದ್ದು ಮೂರು ವರ್ಷವಾಗಿತ್ತು. ಅವರ ಕೋಣೆ ಮಾತ್ರ ಖಾಲಿ ಇರಲಿಲ್ಲ. ಅದರಲ್ಲಿ ದೊಡ್ಡ ಡಾಕ್ಟರ ಟ್ರೆಡ್‌ಮಿಲ್ ಇತ್ತು. ಊಟಕ್ಕೆ ಮುಂಚೆ ದಿನಾ ಒಂದು ಗಂಟೆ ಅದರ ಮೇಲೆ ಓಡುತ್ತಿದ್ದರು. ಎಷ್ಟು ಓಡಿದರೂ ಪುಣ್ಯಾತ್ಮ ಅಲ್ಲೇ ಇರುತ್ತಿದ್ದರು.

ಒಂದು ಮೀಟಿಂಗಿನಲ್ಲಿ ನರ್ಸುಗಳು ಕೇಳಿದ್ದರು, ಮೇಟ್ರನ್ ಯಾವಾಗ ಬರ್ತಾರೆ ಅಂತ.

“ಆ ಕುರ್ಚಿಗೆ ದೊಡ್ಡ ಡಿಗ್ರಿ ಬೇಕು” ಎಂದಿದ್ದರು ಸಾಹೇಬರು. “ನಿಮ್ಮಲ್ಲಿ ಯಾರಿಗಾದ್ರೂ ಇದ್ರೆ ಹೇಳಿ, ಅವತ್ತೇ ಆ ಕೋಣೆ ಬೀಗದ ಕೈ ಕೊಡ್ತೀನಿ.” ಕಸ ಗುಡಿಸುವ ಪೊರಕೆಗೆ ಕಿರೀಟ ಇದೆಯಾ ಎಂದು ಕೇಳಿದ ಹಾಗಿತ್ತು ಆ ದನಿ.

ಅಕ್ಕ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಅದೇ ಅವಳ ದೋಷ. ಕಾಲೇಜು ಸೇರಿದಳು. ರಜೆಯ ದಿನ ಪಾಠ, ಉಳಿದ ದಿನ ಪಾಳಿ. ಅವಳ ಗಂಡ ಬಸ್ಸಿನ ಡ್ರೈವರು. ಅವನ ಸೀಟಿನ ಹಿಂದೆ ಕೂತು ಜೋರಾಗಿ ಓದುತ್ತಾ ಮನೆಗೆ ಹೋಗುತ್ತಿದ್ದಳು. ಎರಡು ವರ್ಷದಲ್ಲಿ ಅವನಿಗೂ ಬಾಯಿಪಾಠವಾಗಿ, ಜಗಳಕ್ಕೆ ಬಂದ ಪ್ರಯಾಣಿಕರಿಗೆ ಸಂಘರ್ಷ ನಿರ್ವಹಣೆಯ ಐದು ಹಂತಗಳನ್ನು ಹೇಳಿ ಆಮೇಲೆ ಬೈಯುತ್ತಿದ್ದ.

ಓದು ಮುಗಿಯಿತು. ಉಳಿದದ್ದು ಒಂದು ಹಸಿರು ಪುಸ್ತಕ. ಆಸ್ಪತ್ರೆಯ ಮುಖ್ಯಸ್ಥರ, ಅಂದರೆ ದೊಡ್ಡ ಡಾಕ್ಟರ, ಕೈಕೆಳಗೆ ಮುನ್ನೂರು ಗಂಟೆ ನಾಯಕತ್ವದ ಕೆಲಸ ಮಾಡಬೇಕು, ಅದನ್ನು ದಿನದಿನವೂ ಆ ಪುಸ್ತಕದಲ್ಲಿ ಬರೆಯಬೇಕು. ಮಾಡಿದ ಕೆಲಸ, ಹಿಡಿದ ಸಮಯ, ಕಲಿತ ಗುಣ, ಮುಖ್ಯಸ್ಥರ ಸಹಿ. ಹೀಗೆ ನಾಲ್ಕು ಮನೆ. ಮುನ್ನೂರು ಗಂಟೆ ತುಂಬದೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದೆ ಬೀಗದ ಕೈ ಇಲ್ಲ.

ಮೊದಲ ದಿನ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಾಹೇಬರ ಮುಂದೆ ನಿಂತಳು.

“ನಾಯಕತ್ವ ತಾನೇ? ನನ್ನ ಕನ್ನಡಕ ಎಲ್ಲೋ ಬಿಟ್ಟಿದೀನಿ, ಹುಡುಕ್ಕೊಂಡು ಬಾ.”

ಮೂರು ಮಹಡಿ ಹುಡುಕಿದಳು. ಅದು ಸಾಹೇಬರ ತಲೆಯ ಮೇಲೇ ಇತ್ತು. ಆಮೇಲೆ ಬಟ್ಟೆ ಮಡಿಸುವ ಕೋಣೆಯಲ್ಲಿ ಕೂತು ಪುಸ್ತಕ ತೆಗೆದಳು. ನಾನು ದಿಂಬಿನ ಚೀಲ ಮಡಿಸುತ್ತಿದ್ದೆ.

“ಏನು ಬರೀತೀಯ ಅಕ್ಕಾ?”

“ಕನ್ನಡಕ ಹುಡುಕಿದ್ದು. ನಲವತ್ತು ನಿಮಿಷ.”

“ಥೂ, ಹಂಗೇ ಬರೀತಾರಾ ಯಾರಾದ್ರೂ? ಸಿಬ್ಬಂದಿ ಸಭೆ ಮಾಡಿದೆ, ಯೋಜನೆ ಹಾಕಿದೆ ಅಂತ ಬರಿ. ಆ ಬೋಳಿಮಗ ಓದ್ತಾನಾ?”

“ಆಯಮ್ಮ, ಮೊದಲನೇ ದಿನ ನಮಗೆ ನರ್ಸಿಂಗಲ್ಲಿ ಏನು ಹೇಳ್ಕೊಡ್ತಾರೆ ಗೊತ್ತಾ? ಮಾಡಿದ್ದನ್ನ ಬರಿ, ಮಾಡದ್ದನ್ನ ಬರೀಬೇಡ. ಕೊಟ್ಟ ಮಾತ್ರೆ, ಬಂದ ಉಚ್ಚೆ, ಎಲ್ಲಾ ಲೆಕ್ಕವಾಗಿ. ಇಷ್ಟು ವರ್ಷ ಉಚ್ಚೆನೇ ಸರಿಯಾಗಿ ಬರೆದೋಳು ನಾಯಕತ್ವ ತಪ್ಪು ಬರೀಲಾ?”

“ಕಲಿತ ಗುಣ ಅಂತಿದೆಯಲ್ಲ, ಅದಕ್ಕೇನು ಹಾಕ್ತೀಯ?”

ಸ್ವಲ್ಪ ಯೋಚಿಸಿ ಬರೆದಳು: ‘ದೂರದೃಷ್ಟಿ.’

ಸಾಹೇಬರು ಮರುದಿನ ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ಅವರು ನರ್ಸುಗಳ ಬರಹ ಓದುವವರಲ್ಲ. ಅದನ್ನು ನಂಬಿಕೆ ಎಂದು ಕರೆಯುತ್ತಿದ್ದರು.

ಆಮೇಲೆ ಪುಸ್ತಕ ತುಂಬತೊಡಗಿತು. ಸಾಹೇಬರ ಮಗಳ ಶಾಲೆಯ ಚಿತ್ರಕ್ಕೆ ಬಣ್ಣ ಹಚ್ಚಿದ್ದು, ನಾಲ್ಕು ಗಂಟೆ. ಕಲಿತ ಗುಣ: ಸೃಜನಶೀಲತೆ. ಸಭೆಯಲ್ಲಿ ಸಾಹೇಬರ ಭಾಷಣಕ್ಕೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು, ಒಂದು ಗಂಟೆ. ಕಲಿತ ಗುಣ: ಮುಂದಾಳತನ. ಸಾಹೇಬರ ನಾಯಿಗೆ ಚುಚ್ಚುಮದ್ದು ಕೊಟ್ಟದ್ದು, ನಾಯಿ ಕಚ್ಚಿದ್ದು, ತನಗೂ ಚುಚ್ಚುಮದ್ದು ಕೊಟ್ಟುಕೊಂಡದ್ದು, ಎರಡು ಗಂಟೆ. ಕಲಿತ ಗುಣ: ಪರಸ್ಪರ ಸಹಕಾರ.

ವಾರ್ಡಿನಲ್ಲಿ ಆ ಮಾತೇ ಕೆಟ್ಟುಹೋಯಿತು. “ಏಳನೇ ಬೆಡ್ಡಿನವರು ಹಾಸಿಗೇಲೇ ನಾಯಕತ್ವ ಮಾಡ್ಕೊಂಡಿದಾರೆ, ಬಟ್ಟೆ ತನ್ನಿ” ಎಂದು ನಾನೇ ಕೂಗುತ್ತಿದ್ದೆ. ಬೊಚ್ಚುಬಾಯಿ ಅಜ್ಜಿಗಂತೂ ಅದು ಬಹಳ ಹಿಡಿಸಿತ್ತು.

“ಮಗಾ, ನಂಗೆ ನಾಯಕತ್ವ ಬಂದದೆ, ಬೇಗ ಬಾ” ಎಂದು ಅಕ್ಕನನ್ನು ಕರೆಯುವಳು. ಬೆಡ್‌ಪ್ಯಾನ್ ಮೇಲೆ ಕೂತು, “ನೀ ಯಾವಾಗ ಯಜಮಾನಿ ಆಗೋದು?” ಎಂದು ಕೇಳುವಳು.

“ಇನ್ನು ಎಪ್ಪತ್ತು ಗಂಟೆ ಅಜ್ಜಿ.”

“ಆದ್ಮೇಲೆ ಇನ್ನೊಬ್ಬಳನ್ನ ಇಲ್ಲಿಗೆ ಹಾಕ್ಕೊಡು. ನೀ ಒಬ್ಬಳೇ ಎಷ್ಟು ಅಂತ ಓಡ್ತೀಯ.”

ಆ ಎಪ್ಪತ್ತು ಗಂಟೆಯನ್ನು ಅಜ್ಜಿ ನೋಡಲಿಲ್ಲ.

ಅವತ್ತು ಮಧ್ಯಾಹ್ನ ಒಂದು ನಲವತ್ತಕ್ಕೆ ಅಜ್ಜಿಗೆ ಉಸಿರು ಸಿಕ್ಕಿಕೊಂಡಿತು. ಕಿರಿಯ ಡಾಕ್ಟರುಗಳೆಲ್ಲ ಪಾಠಕ್ಕೆ, ಇನ್ನೊಬ್ಬ ನರ್ಸು ಊಟಕ್ಕೆ ಹೋಗಿದ್ದರು. ಅಕ್ಕ ಆಕ್ಸಿಜನ್ ಹಾಕಿದಳು, ಎತ್ತಿ ಕೂರಿಸಿದಳು, ಒಂದು ಕೈಯಲ್ಲಿ ಬೆನ್ನು ಹಿಡಿದು ಇನ್ನೊಂದರಲ್ಲಿ ಸಾಹೇಬರಿಗೆ ಫೋನ್ ಮಾಡಿದಳು. ಮೂರು ಸಲ. ಎತ್ತಲಿಲ್ಲ. ನಾಲ್ಕನೆಯದಕ್ಕೆ ನಾನು ಓಡಿದೆ. ಮೇಟ್ರನ್ ಕೋಣೆಯ ಬಾಗಿಲ ಹಿಂದೆ ದಡದಡ ಸದ್ದು, ಹಾಡು.

“ಸಾಹೇಬ್ರೇ, ಹನ್ನೆರಡನೇ ಬೆಡ್ಡು, ಉಸಿರು ಹೋಗ್ತಿದೆ.”

“ಬರ್ತೀನಿ ಹೋಗೇ, ಬಾಗಿಲು ಮುರೀಬೇಡ.”

ಅಜ್ಜಿ ಎರಡು ಇಪ್ಪತ್ತಕ್ಕೆ ಹೋದಳು. ಸಾಹೇಬರು ಎರಡು ಮೂವತ್ತೈದಕ್ಕೆ ಬಂದರು, ಕುತ್ತಿಗೆಗೆ ಟವೆಲು ಸುತ್ತಿಕೊಂಡು. ಬೆವರು ನಾನು ಒರೆಸಿದ ನೆಲದ ಮೇಲೆ ತೊಟ್ಟಿಕ್ಕಿತು.

“ಒಂದು ಮುಕ್ಕಾಲಿಗೆ ಬಂದು ನೋಡಿದೆ ಅಂತ ಚಾರ್ಟಲ್ಲಿ ಬರಿ.”

ಅಕ್ಕನ ಪೆನ್ನು ಅಲ್ಲಾಡಲಿಲ್ಲ.

“ಕಿವಿ ಕೇಳಿಸಲ್ವೇನೇ ಮುಂಡೇದೇ? ನಿಂಗೆ ಇನ್ನೆಷ್ಟು ಗಂಟೆ ಸಹಿ ಬೇಕು?”

“ಎಪ್ಪತ್ತು.”

“ಹಾಗಾದ್ರೆ ಬರಿ.”

ಬರೆದಳು. ನನ್ನ ಕಣ್ಣಾರೆ ನೋಡಿದೆ. ಹತ್ತೊಂಬತ್ತು ವರ್ಷ ಉಚ್ಚೆಯನ್ನೂ ತಪ್ಪು ಬರೆಯದ ಕೈ ಅದು.

ಆಮೇಲೆ ಇಬ್ಬರೂ ಸೇರಿ ಅಜ್ಜಿಗೆ ಮೈ ಒರೆಸಿದೆವು. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಅವಸರವಿಲ್ಲದೆ. ದೇವರು ಕೊಟ್ಟದ್ದನ್ನು ಕೊಳೆಯಾಗಿ ಹಿಂದಿರುಗಿಸಬಾರದು. ಅಕ್ಕ ಅಳಲಿಲ್ಲ. ಬಟ್ಟೆ ಕೋಣೆಗೆ ಹೋಗಿ ಹಸಿರು ಪುಸ್ತಕ ತೆಗೆದು ಬಹಳ ಹೊತ್ತು ಬರೆದಳು. ಏನೆಂದು ನಾನು ಕೇಳಲಿಲ್ಲ. ಮರುದಿನ ಸಾಹೇಬರು ಹೊಸ ಮನೆಯ ಟೈಲ್ಸಿನ ಬಣ್ಣ ಫೋನಿನಲ್ಲಿ ಆರಿಸುತ್ತಾ ಅದಕ್ಕೂ ಸಹಿ ಹಾಕಿದರು.

ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬರುವ ದಿನ ಬಂದಾಗ ಪುಸ್ತಕದಲ್ಲಿ ಇನ್ನೂರ ತೊಂಬತ್ತೊಂಬತ್ತು ಗಂಟೆ ನಲವತ್ತು ನಿಮಿಷ ತುಂಬಿತ್ತು.

“ಉಳಿದ ಇಪ್ಪತ್ತು ನಿಮಿಷ ಅವರಿಗೆ ಟೀ ಕೊಟ್ಟು ಮುಗಿಸು” ಎಂದರು ಸಾಹೇಬರು. “ಅತಿಥಿ ಸತ್ಕಾರಾನೂ ನಾಯಕತ್ವಾನೇ.”

ಬಂದವರು ಇಬ್ಬರು. ಒಬ್ಬರು ನರೆಗೂದಲ ಮೇಡಂ, ಒಂದು ಕಾಲದಲ್ಲಿ ಅವರೂ ನರ್ಸಾಗಿದ್ದವರಂತೆ. ಇನ್ನೊಬ್ಬರು ದಪ್ಪ ಸಾರ್, ಬಿಸ್ಕತ್ತಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಕೂತವರು. ಅಕ್ಕ ಟೀ ತಟ್ಟೆ ಹಿಡಿದು ಒಳಗೆ ಬಂದಳು. ನಾನು ಹಿಂದೆ ನೀರಿನ ಜಗ್ಗು ತಂದು ಮೇಜಿನ ಮೇಲಿಟ್ಟೆ.

“ಇವಳೇ ನೋಡಿ” ಎಂದರು ಸಾಹೇಬರು. “ಬೆಡ್‌ಪ್ಯಾನ್ ಹಿಡ್ಕೊಂಡು ಓಡಾಡ್ತಿದ್ದೋಳನ್ನ ನಾನೇ ಕೈಹಿಡಿದು ಮೇಲೆ ತಂದದ್ದು. ಆ ಪುಸ್ತಕದಲ್ಲಿ ಒಂದೊಂದು ಪುಟಾನೂ ಓದಿ, ತಿದ್ದಿ, ಆಮೇಲೇ ಸಹಿ ಹಾಕಿದೀನಿ.”

“ಒಂದೊಂದು ಪುಟಾನೂ?” ಎಂದರು ಮೇಡಂ.

“ಒಂದೊಂದು ಅಕ್ಷರಾನೂ.”

ಅಕ್ಕ ತಟ್ಟೆಯನ್ನು ನನ್ನ ಕೈಗೆ ದಾಟಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಪುಸ್ತಕ ಬಿಚ್ಚಿದಳು.

“ಹಾಗಾದ್ರೆ ಸಾರ್ ಓದಿದ್ದನ್ನೇ ನಾನೂ ಒಂದು ಸಲ ಓದಿಬಿಡ್ತೀನಿ ಮೇಡಂ.”

ಕನ್ನಡಕದಿಂದ ಶುರು ಮಾಡಿದಳು. ಚಾರ್ಟು ಓದುವ ದನಿ, ಏರಿಲ್ಲ, ಇಳಿವಿಲ್ಲ. ‘ದೂರದೃಷ್ಟಿ’ ಎಂದಾಗ ದಪ್ಪ ಸಾರ್ ನಕ್ಕುಬಿಟ್ಟರು, ಬಿಸ್ಕತ್ತಿನ ಪುಡಿ ಹಾರಿತು. ನಾಯಿ ಬಂದಾಗ ಮೇಡಂ ತಲೆ ತಗ್ಗಿಸಿದರು. ಸಾಹೇಬರೂ ನಗಲು ನೋಡಿದರು.

“ತಮಾಷೆ ಹುಡುಗಿ. ಸಾಕು ಬಿಡಮ್ಮಾ, ಟೀ ಆರ್ತಿದೆ.”

“ಇನ್ನೊಂದು ಪುಟ ಸಾರ್. ಮಾಡಿದ ಕೆಲಸ: ಹನ್ನೆರಡನೇ ಹಾಸಿಗೆಯ ರೋಗಿಗೆ ಉಸಿರು ಕಟ್ಟಿದಾಗ ಮುಖ್ಯಸ್ಥರನ್ನು ನಾಲ್ಕು ಸಲ ಕರೆದದ್ದು. ಅವರು ಮೇಟ್ರನ್ ಕೋಣೆಯಲ್ಲಿ ಟ್ರೆಡ್‌ಮಿಲ್ ಮೇಲೆ ಇದ್ದದ್ದು. ರೋಗಿ ಎರಡು ಇಪ್ಪತ್ತಕ್ಕೆ ತೀರಿಕೊಂಡದ್ದು. ಅವರು ಎರಡು ಮೂವತ್ತೈದಕ್ಕೆ ಬಂದದ್ದು. ಒಂದು ಮುಕ್ಕಾಲಿಗೆ ಬಂದರೆಂದು ಚಾರ್ಟಿನಲ್ಲಿ ಬರೆಯಲು ಹೇಳಿದ್ದು. ನಾನು ಬರೆದದ್ದು. ಸಮಯ: ಐವತ್ತೈದು ನಿಮಿಷ. ಕಲಿತ ಗುಣ: ವಿಧೇಯತೆ. ಸಹಿ.”

ಬಿಸ್ಕತ್ತು ಕಡಿಯುವ ಸದ್ದು ನಿಂತಿತು. ನಾನು ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟೆ.

ಮೇಡಂ ಪುಸ್ತಕ ತೆಗೆದುಕೊಂಡರು. “ಈ ಸಹಿ ನಿಮ್ಮದಾ ಡಾಕ್ಟ್ರೇ?”

“ಅದು… ಇವಳು ಆಮೇಲೆ ಬರ್ಕೊಂಡಿರ್ತಾಳೆ. ಸೂಳೆಮುಂಡೆ, ಅನ್ನ ಹಾಕಿದ ಕೈನೇ…”

“ಸಹಿ ಬರಹದ ಮೇಲೇ ಹಾದುಹೋಗಿದೆ, ಬರೆದಾದ್ಮೇಲೇ ಹಾಕಿದ್ದು” ಎಂದರು ಮೇಡಂ ಮೆಲ್ಲಗೆ. ಆಮೇಲೆ ಅಕ್ಕನ ಕಡೆ ತಿರುಗಿ, “ಇದು ಮೇಲಕ್ಕೆ ಹೋದ್ರೆ ಇವರದು ಏನಾಗತ್ತೋ ನಾ ಹೇಳಲಾರೆ. ಸುಳ್ಳು ಚಾರ್ಟು ಬರೆದದ್ದಕ್ಕೆ ನಿನ್ನ ನರ್ಸ್ ನೋಂದಣಿ ಹೋಗಬಹುದು. ಡಿಗ್ರಿ ಮಾತು ಆಮೇಲೆ. ಗೊತ್ತಾ?”

“ಗೊತ್ತು ಮೇಡಂ. ಅದಕ್ಕೇ ‘ನಾನು ಬರೆದದ್ದು’ ಅಂತಾನೂ ಬರೆದೆ.”

“ಈಗಲೂ ಪುಟ ಹರಿದು ಟೀ ಕೊಟ್ಟು ಹೋಗಬಹುದು ನೀನು” ಎಂದರು ಸಾಹೇಬರು. ಅವರ ದನಿಯಲ್ಲಿ ಮೊದಲ ಸಲ ‘ದಯವಿಟ್ಟು’ ಎಂಬುದು ಇತ್ತು, ಬಾಯಿಗೆ ಮಾತ್ರ ಬರಲಿಲ್ಲ. “ಬೀಗದ ಕೈ ಇಲ್ಲೇ ಇದೆ.”

ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟರು. ಮೂರು ವರ್ಷದಿಂದ ನಾವು ನೋಡಬೇಕೆಂದಿದ್ದ ಬೀಗದ ಕೈ. ಇಷ್ಟೇ ಇಷ್ಟಿತ್ತು.

ಅಕ್ಕ ಅದನ್ನು ನೋಡಿದಳು. ಗೋಡೆ ಗಡಿಯಾರ ನೋಡಿದಳು. ಮೇಡಂ ಕೈಯಿಂದ ಪುಸ್ತಕ ವಾಪಸು ಕೇಳಿ, ನಿಂತಲ್ಲೇ ಬಗ್ಗಿ, ಬೀಗದ ಕೈಯನ್ನು ಮೊಣಕೈಯಿಂದ ಅತ್ತ ಸರಿಸಿ, ಖಾಲಿ ಸಾಲಿನಲ್ಲಿ ಬರೆದಳು. ಬರೆಯುತ್ತಾ ಬಾಯಲ್ಲೂ ಹೇಳಿದಳು.

“ಮಾಡಿದ ಕೆಲಸ: ಓದಿ ಹೇಳಿದ್ದು. ಸಮಯ: ಇಪ್ಪತ್ತು ನಿಮಿಷ. ಒಟ್ಟು ಮುನ್ನೂರು ಗಂಟೆ.” ಕಲಿತ ಗುಣದ ಮನೆಯನ್ನು ಖಾಲಿ ಬಿಟ್ಟಳು.

ಪುಸ್ತಕವನ್ನು ತಿರುಗಿಸಿ ದೊಡ್ಡ ಡಾಕ್ಟರ ಮುಂದೆ ಇಟ್ಟಳು. ಪೆನ್ನು ಚಾಚಿದಳು.

“ಸಹಿ ಹಾಕಿ ಸಾರ್. ಈ ಸಲ ಓದಿ ಹಾಕಿ.”

ಸಾಹೇಬರು ಕನ್ನಡಕಕ್ಕಾಗಿ ಮೇಜು ತಡಕಿದರು. ಅದು ತಲೆಯ ಮೇಲೆಯೇ ಇತ್ತು. ನಾವು ಯಾರೂ ಹೇಳಲಿಲ್ಲ.